ಕೋನ್ ಸೆಟ್

ಗೊರಗುಂಟೆಪಾಳ್ಯದ ಮೇಲ್ಸೇತುವೆ ಇಳಿಯುವಾಗ
ಹ್ಯಾಂಡಲ್ಲು ನಡುಮಧ್ಯೆ ಒಮ್ಮೆ ಟಕ್ಕೆಂದು ಕೂರುತ್ತದೆ,
ಹಳೇ ಬಾಗಿಲಿಗೆ ಚಿಲಕ ತಾನಾಗಿ ಬಿದ್ದ ಹಾಗೆ.
ಎಡಕ್ಕೆಂದರೆ ಮುನಿಸು, ಬಲಕ್ಕೆಂದರೆ ಜಗಳ.
ನೇರ ಹೋಗುವುದಾದರೆ ಮಾತ್ರ ನನ್ನ ಆರ್‌ಎಕ್ಸು
ಹೇಳಿದ ಮಾತು ಕೇಳುತ್ತದೆ.

"ಕೋನ್ ಸೆಟ್ ಹೋಗಿದೆ. ಬಿಟ್ಟು ಹೋಗಿ, ಸಂಜೆ ಬನ್ನಿ"
ಅಂದ ರಿಂಗ್ ರೋಡಿನ ಹುಡುಗ,
ನನ್ನ ಹಿಂದೆ ಗಂಡಸು ಯಾರಾದರೂ ಬಂದಿದ್ದಾರಾ ಅಂತ ನೋಡುತ್ತ.
ಬಿಡಲಿಲ್ಲ.
ಆರನೇ ಲೈನಿನ ನಲವತ್ತು ಹೊಲಿಗೆ ಮಿಷನ್ನು
ಹನ್ನೊಂದು ವರ್ಷ ಬಿಚ್ಚಿ ಕಟ್ಟಿದ ಕೈ ಇದು.

ಭಾನುವಾರ, ಲಗ್ಗೆರೆ. ಸಂಪಿನ ಮುಚ್ಚಳದ ಪಕ್ಕ ಮೂರಡಿ ಜಾಗ.
ಜೆ.ಸಿ. ರಸ್ತೆಯಿಂದ ತಂದ ಹೊಸ ಬಟ್ಟಲುಗಳು
ರಾತ್ರಿಯಿಂದ ಫ್ರೀಜರಿನಲ್ಲಿ, ಅವರೆಕಾಳಿನ ಪೊಟ್ಟಣದ ಕೆಳಗೆ.
ತಣ್ಣಗಾದರೆ ಕಬ್ಬಿಣ ಕೂದಲೆಳೆಯಷ್ಟು ಕುಗ್ಗುತ್ತದೆ,
ಇಬ್ಬರ ಸೀಟಿನಲ್ಲಿ ಮೂರನೆಯವಳು
ಮೈ ಹಿಡಿದುಕೊಂಡು ಕೂರುವಷ್ಟು.

ಚಕ್ರ ಕಳಚಿದೆ. ಮಡ್‌ಗಾರ್ಡು ಕಳಚಿದೆ.
ಹೆಡ್‌ಲೈಟನ್ನು ಗೋಣಿಚೀಲದ ಮೇಲೆ ಮಲಗಿಸಿ
ಬಿಡಿಸಿದ ವೈರಿಗೊಂದೊಂದು ಬಣ್ಣದ ದಾರ ಕಟ್ಟಿದೆ.
ತಲೆಯ ನಟ್ಟು ಜಪ್ಪಯ್ಯ ಅಂದರೂ ಜಗ್ಗದು.
ಸ್ಪ್ಯಾನರಿಗೆ ನಲ್ಲಿಯ ಪೈಪು ಸೇರಿಸಿ, ಕಾಲು ಗೋಡೆಗೊತ್ತಿ
ಒಂದು ಬೈಗುಳ ಬೈದೆ, ನಮ್ಮೂರ ಕಡೆಯದು,
ಇಲ್ಲಿ ಬರೆಯುವಂಥದ್ದಲ್ಲ.
ಬಿಟ್ಟುಕೊಟ್ಟಿತು.

ಫೋರ್ಕು ಇಳಿಯುತ್ತಲೇ ಗುಂಡುಗಳು ಮೊರಕ್ಕೆ ಉದುರಿದವು,
ಕಪ್ಪು ಗ್ರೀಸಿನಲ್ಲಿ ಕುರುಡಾಗಿ.
ಮೇಲಿನವು ಸಣ್ಣವು, ಇಪ್ಪತ್ತೆರಡು. ಸರಿ.
ಕೆಳಗಿನವು ದಪ್ಪನವು, ಹತ್ತೊಂಬತ್ತಿರಬೇಕು.
ಹದಿನೆಂಟು.
ಪಕ್ಕದ ಮನೆಯ ಇಮ್ತಿಯಾಜ್ ಒಡೆದ ಸ್ಪೀಕರಿನ ಅಯಸ್ಕಾಂತ ತಂದು
ಸಂಪಿನ ಸಂದಿ, ಮೋರಿಯ ಬಾಯಿ, ತುಳಸಿ ಕುಂಡದ ತಳ
ಎಲ್ಲ ಜಾಲಾಡಿದ. ಒಂದು ಹೇರ್‌ಪಿನ್ನು ಸಿಕ್ಕಿತು.

ಆಮೇಲೆ ಹೊಳೆಯಿತು: ಬಿದ್ದಿಲ್ಲ, ಇರಲೇ ಇಲ್ಲ.
ಯಾವನೋ, ಯಾವತ್ತೋ, ಒಂದು ಕಡಿಮೆ ಹಾಕಿ
ಗ್ರೀಸು ಮೆತ್ತಿ ಮುಚ್ಚಿದ್ದಾನೆ.
ಆ ಹದಿನೆಂಟರ ಮೇಲೆಯೇ ಆರು ವರ್ಷ ನನ್ನ ನೈಟ್ ಶಿಫ್ಟು,
ಅಕ್ಕನ ಹೆರಿಗೆಯ ರಾತ್ರಿ, ಗ್ಯಾಸ್ ಸಿಲಿಂಡರು, ತುಮಕೂರಿನ ಮಳೆ.
ಲೈನಿನಲ್ಲಿ ಒಬ್ಬಳು ರಜೆ ಹಾಕಿದ ದಿನ
ಅವಳ ಕಾಲರನ್ನೂ ಉಳಿದವರೇ ಹೊಲಿಯುತ್ತಾರಲ್ಲ,
ಸೂಪರ್‌ವೈಸರ್ ಲೆಕ್ಕದಲ್ಲಿ ಅದು ಕಾಣುವುದಿಲ್ಲ.

ಹಳೇ ಬಟ್ಟಲು ಒರೆಸಿ ಉಗುರಾಡಿಸಿದೆ.
ಕುಳಿ. ಕುಳಿ. ಕುಳಿ.
ಅಳಗುಳಿ ಮಣೆಯನ್ನು ಬಳೆಯಾಗಿ ಬಗ್ಗಿಸಿದ ಹಾಗೆ.
ಮನೆ, ಕಾರ್ಖಾನೆ, ಕಾರ್ಖಾನೆ, ಮನೆ:
ಒಂದೇ ದಿಕ್ಕಿಗೆ ಕೂತು ಕೂತು ಕಬ್ಬಿಣಕ್ಕೂ ಚಟ ಹತ್ತಿದೆ.
ಹೆಗ್ಗನಹಳ್ಳಿ ಕ್ರಾಸಿನ ಗುಂಡಿಗಳೆಲ್ಲ ಇಲ್ಲಿ ನಕಲಾಗಿವೆ,
ರಸ್ತೆಯಲ್ಲಾದರೂ ಓಟಿಗೆ ಮುಂಚೆ ಮುಚ್ಚುತ್ತಾರೆ.

ಹೊಸ ಬಟ್ಟಲ ಮೇಲೆ ಹಳೆಯದನ್ನೇ ಮಗುಚಿಟ್ಟು ಬಡಿದೆ,
ಟಣ್ ಟಣ್ ಅನ್ನುವುದು ದೊಪ್ಪೆನ್ನುವವರೆಗೆ.
ಗ್ರೀಸಿನಲ್ಲಿ ಗುಂಡು ನೆಟ್ಟೆ, ದಾಳಿಂಬೆ ಬಿಡಿಸಿದ್ದು ತಿರುವಿ ನೋಡಿದಂತೆ.
ಹತ್ತೊಂಬತ್ತನೆಯದಕ್ಕೆ ಜಾಗ ಇತ್ತು.

ಇನ್ನು ನಟ್ಟು. ಬಿಗಿದರೆ ತಲೆ ತಿರುಗದು,
ಸಡಿಲ ಬಿಟ್ಟರೆ ಬ್ರೇಕು ಹಿಡಿದಾಗೆಲ್ಲ ಕಟಕಟ.
ಎಷ್ಟು ಅಂತ ಯಾರನ್ನು ಕೇಳಲಿ?
ಬಾಬಿನ್ ಕೇಸು ನೆನೆದೆ. ದಾರ ಹಿಡಿದು ತೂಗಿದರೆ ಬೀಳಕೂಡದು,
ಒಮ್ಮೆ ಕುಲುಕಿದರೆ ಒಂದಿಂಚು ಇಳಿದು ನಿಲ್ಲಬೇಕು.
ಅಷ್ಟು.
ಬೆರಳ ತುದಿಯಿಂದ ಮುಟ್ಟಿದೆ. ಹ್ಯಾಂಡಲ್ಲು ತನ್ನ ಭಾರಕ್ಕೆ ತಾನೇ
ಎಡಕ್ಕೆ ಒರಗಿತು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.

ಸಂಜೆ ರಿಂಗ್ ರೋಡಿಗೆ ಹೊರಟರೆ
ಮೊದಲ ತಿರುವಿನಲ್ಲೇ ಹಾಲಿನ ಬೂತಿನ ಕಟ್ಟೆ ಏರಬೇಕಿತ್ತು.
ಇಲ್ಲದ ಚಿಲಕವನ್ನು ನನ್ನ ಭುಜ ಇನ್ನೂ ಎಳೆಯುತ್ತಿದೆ.
ಅದಕ್ಕೆ ಬಟ್ಟಲು ಯಾವ ಅಂಗಡಿಯಲ್ಲಿ ಸಿಗುತ್ತದೋ.

ಹಳೇ ಹದಿನೆಂಟೂ ಇಮ್ತಿಯಾಜನ ಜೇಬಿಗೆ ಹೋದವು.
"ಇನ್ನೊಂದು ಕೊಡಕ್ಕ," ಅಂದ,
"ಜೋಡಿ ಆಟಕ್ಕೆ ಇಪ್ಪತ್ತಾದ್ರೂ ಬೇಕು, ಎರಡು ಕೊಡು."